ಮನೆಯಲ್ಲಿ ಎಷ್ಟು ತಿಂಗಳು?

ಊಟದ ಮೇಜಿನ ಮೇಲಿದ್ದ ತೆರಿಗೆ ಲೆಕ್ಕದ ಹಾಳೆಯಲ್ಲಿ ಗ್ಯಾರೆಟ್‌ನ ಹೆಸರನ್ನು ಆರ್ಡಿತ್ ಒಂದೇ ಗೆರೆಯಲ್ಲಿ ಹೊಡೆದುಹಾಕಿದಳು. ಹೊಡೆದು, ಪೆನ್ನಿನ ಮುಚ್ಚಳ ಹಾಕಿ, ಏನೂ ಆಗದವಳಂತೆ ಕಾಫಿಯ ಲೋಟವನ್ನು ಎತ್ತಿಕೊಂಡಳು. ಒಲೆಯ ಮುಂದೆ ನಿಂತಿದ್ದ ಸೊಸೆ ಮಾರ್ಲಿಸ್ ತಿರುಗಿ ನೋಡಿದಳು. ಕೈ ಒರೆಸಿಕೊಂಡು ಬಂದು ಅದೇ ಪೆನ್ನನ್ನು ತೆಗೆದುಕೊಂಡು, ಹೊಡೆದ ಹೆಸರಿನ ಮೇಲ್ಗಡೆಯೇ ಮಗನ ಹೆಸರನ್ನು ಇನ್ನಷ್ಟು ದಪ್ಪಕ್ಷರದಲ್ಲಿ ಮತ್ತೆ ಬರೆದಳು.

"ಇಪ್ಪತ್ತೊಂದು ವರ್ಷದ ಕತ್ತೆಗೆ ಅವಲಂಬಿತ ಅಂತ ಹೆಸರು ಬೇರೆ ಕೇಡು," ಎಂದಳು ಅತ್ತೆ. "ಮನೆ ಬಿಟ್ಟು ಹೋದೋನು. ನಮ್ಮ ರಕ್ತ ಅಲ್ಲ, ನಮ್ಮ ಮನೆ ಹೆಸರೂ ಅಲ್ಲ. ಅವನು ನಿನ್ನ ಮಗ ಇರಬಹುದು, ನನ್ನ ಮಗ ಯಾಕೆ ಸುಳ್ಳಿಗೆ ಸಹಿ ಹಾಕ್ಬೇಕು?"

"ಅವನು ಓದೋಕೆ ಹೋಗಿದಾನೆ ಅತ್ತೆ, ಮನೆ ಬಿಟ್ಟಿಲ್ಲ," ಎಂದಳು ಮಾರ್ಲಿಸ್. ದನಿ ಏರಿಸಲಿಲ್ಲ. ಏರಿಸುವ ಅಗತ್ಯ ಅವಳಿಗೆ ಕಾಣಲಿಲ್ಲ.

ಆದರೆ ಅತ್ತೆಯ ಮಾತು ಪೂರಾ ಸುಳ್ಳೂ ಆಗಿರಲಿಲ್ಲ. ಮೊನ್ನೆಯದಕ್ಕೂ ಹಿಂದಿನ ಕ್ರಿಸ್‌ಮಸ್ ಮುಗಿದ ಮೂರನೆಯ ದಿನ, ಇದೇ ಅಡುಗೆಮನೆಯಲ್ಲಿ, ಮಾರ್ಲಿಸ್‌ಳ ಗಂಡ ಡುವೇನ್ ತಾನು ಇಪ್ಪತ್ತಾರು ವರ್ಷ ದುಡಿದ ಅದಿರಿನ ಹಡಗುಕಟ್ಟೆಯಲ್ಲಿ ಹುಡುಗನಿಗೂ ಒಂದು ಕೆಲಸ ಗೊತ್ತುಮಾಡಿ ಬಂದು, ಸಿಹಿ ಸುದ್ದಿ ಎಂಬಂತೆ ಹೇಳಿದ್ದ. ಗ್ಯಾರೆಟ್ ತಲೆ ಎತ್ತದೆ, ತಾನು ನರ್ಸಿಂಗ್ ಓದಿಗೆ ಸೇರಿಯಾಯಿತು, ದೂರದ ಫಾರ್ಗೋ ಪಟ್ಟಣದಲ್ಲಿ ಕೋಣೆಯನ್ನೂ ನೋಡಿಯಾಯಿತು ಎಂದಿದ್ದ. ಆಮೇಲೆ ಯಾರು ಏನು ಹೇಳಿದರು ಎನ್ನುವುದು ಮಾರ್ಲಿಸ್‌ಳಿಗೆ ಈಗಲೂ ಅಕ್ಷರಶಃ ನೆನಪಿದೆ. ಈ ಬಾಗಿಲು ದಾಟಿದರೆ ಇದು ನಿನ್ನ ಮನೆ ಅಲ್ಲ ಎಂದಿದ್ದ ಡುವೇನ್. ಸರಿ, ಅಲ್ಲ ಎಂದಿದ್ದ ಹುಡುಗ. ಒಂಬತ್ತು ವರ್ಷದವನಿದ್ದಾಗಿನಿಂದ ಅವನಿಗೆ ಮೀನು ಹಿಡಿಯುವುದನ್ನು, ಹಿಮದಲ್ಲಿ ಗಾಡಿ ಓಡಿಸುವುದನ್ನು ಕಲಿಸಿದ ಮಲತಂದೆಗೆ ಬೆನ್ನು ಹಾಕಿ, ಎರಡು ಚೀಲ ಹೊತ್ತು ಹೊರಟುಹೋಗಿದ್ದ. ಈಸ್ಟರ್‌ಗೆ ಬರಲಿಲ್ಲ. ಬೇಸಿಗೆ ರಜೆಯಲ್ಲೂ ಅಲ್ಲೇ ಒಂದು ವೃದ್ಧಾಶ್ರಮದಲ್ಲಿ ದುಡಿದ. ಮೊನ್ನೆಯ ಕ್ರಿಸ್‌ಮಸ್‌ಗೂ ಬರಲಿಲ್ಲ. ತಾಯಿಗೆ ಪ್ರತಿ ಭಾನುವಾರ ಚರ್ಚ್ ಮುಗಿಯುವ ಹೊತ್ತಿಗೆ ಫೋನ್ ಮಾಡುತ್ತಿದ್ದ. ಡುವೇನ್ ಹೇಗಿದಾನೆ ಎಂದು ಕೇಳುತ್ತಿದ್ದ, ಅಷ್ಟೇ.

ಶನಿವಾರ ಬೆಳಿಗ್ಗೆ ಮೂವರೂ ಒಂದೇ ಗಾಡಿಯಲ್ಲಿ ಚರ್ಚಿನ ನೆಲಮಾಳಿಗೆಗೆ ಹೋದರು. ಫೆಬ್ರವರಿಯಿಂದ ಏಪ್ರಿಲ್ ನಡುವಿನವರೆಗೆ ಅಲ್ಲಿ ಊರಿನವರ ತೆರಿಗೆ ಲೆಕ್ಕಗಳನ್ನು ಪುಕ್ಕಟೆಯಾಗಿ ಬರೆದುಕೊಡುತ್ತಾರೆ. ಉದ್ದದ ಮೇಜುಗಳು, ಮೂಲೆಯಲ್ಲಿ ದೊಡ್ಡ ಕಾಫಿ ಪಾತ್ರೆ, ಯಾರೋ ತಂದಿಟ್ಟ ನಿಂಬೆಹಣ್ಣಿನ ಸಿಹಿ ಬಿಲ್ಲೆಗಳು. ಇವರ ಸರದಿ ಬಂದದ್ದು ಲೈಲ್ ಎನ್ನುವ ನಿವೃತ್ತ ಗಣಿತದ ಮೇಷ್ಟ್ರ ಮುಂದೆ. ಡುವೇನ್‌ಗೂ ಅವರು ಪಾಠ ಹೇಳಿದವರೇ. ಅವರು ಕನ್ನಡಕ ಏರಿಸಿ ಹಾಳೆ ನೋಡಿದರು, ಹೊಡೆದುಹಾಕಿದ ಹೆಸರನ್ನೂ ಅದರ ಮೇಲಿನ ದಪ್ಪಕ್ಷರವನ್ನೂ ನೋಡಿದರು. ಇಪ್ಪತ್ತನಾಲ್ಕು ತುಂಬದ, ಪೂರ್ತಿ ಹೊತ್ತು ಓದುವ ಮಗನನ್ನು ತಂದೆತಾಯಿ ತಮ್ಮ ಲೆಕ್ಕದಲ್ಲಿ ತೋರಿಸಬಹುದು, ಕಾಯಿದೆಯ ಕಣ್ಣಿಗೆ ಮಲಮಗನೂ ಮಗನೇ ಎಂದು ಮಾತ್ರ ಹೇಳಿದರು. ಆರ್ಡಿತ್ ಮೂಗು ಮುರಿದಳು.

"ತನ್ನ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಅವನೇ ಹೊತ್ತಿದಾನಾ?" ಎಂದು ಕೇಳಿದರು ಲೈಲ್.

ಶಾಲೆಯ ಅಡುಗೆಮನೆಯ ಸಂಬಳದಲ್ಲಿ ಫೀಸು ತಾನೇ ಕಟ್ಟಿದ್ದಾಗಿ ಮಾರ್ಲಿಸ್ ಹೇಳಿದಳು. ಕೋಣೆಯ ಬಾಡಿಗೆ ಮಾತ್ರ ಅವನೇ ದುಡಿದು ಕಟ್ಟಿಕೊಳ್ಳುತ್ತಾನೆ, ಮನೆ ಮಾಲೀಕ ತುಂಬ ಕಡಿಮೆ ತಗೊಳ್ತಾನಂತೆ, ದೇವರಂಥವನು ಎಂದಳು. ಆಗ ಡುವೇನ್ ಕೋಟಿನ ಒಳಜೇಬಿನಿಂದ ನಾಲ್ಕಾಗಿ ಮಡಿಸಿದ ಕಾಗದಗಳನ್ನು ತೆಗೆದು, ಹೆಂಡತಿಯ ಮುಖ ನೋಡದೆ, ಮೇಜಿನ ಮೇಲೆ ಸರಿಸಿದ. ಹನ್ನೆರಡು ರಸೀದಿಗಳು. ಬಾಡಿಗೆಯ ಮುಕ್ಕಾಲು ಪಾಲನ್ನು ತಿಂಗಳು ತಿಂಗಳೂ ಮನೆ ಮಾಲೀಕನಿಗೆ ಇವನೇ ಕಳಿಸಿದ್ದ, ಹುಡುಗನಿಗೆ ತಿಳಿಸಬೇಡ ಎಂದು ತಾಕೀತು ಮಾಡಿ.

ಮಾರ್ಲಿಸ್ ರಸೀದಿಗಳ ತಾರೀಖುಗಳನ್ನು ಒಂದೊಂದಾಗಿ ನೋಡಿದಳು. ಒಂದು ವರ್ಷ... ಒಂದೇ ಹಾಸಿಗೆಯಲ್ಲಿ ಬೆನ್ನಿಗೆ ಬೆನ್ನು ತಿರುಗಿಸಿ ಮಲಗಿದ ಒಂದು ವರ್ಷ ಈ ಮನುಷ್ಯ ಇದನ್ನು ಬಚ್ಚಿಟ್ಟುಕೊಂಡಿದ್ದ! ಅವಳು ಮೇಜಿನ ಕೆಳಗೆ ಅವನ ಕೈ ಹುಡುಕಿದಳು. ಅವನು ಕೈ ಕೊಟ್ಟ, ಆದರೆ ಕಣ್ಣು ಎದುರಿನ ಗೋಡೆಯ ಮೇಲೇ ಇತ್ತು.

"ಇನ್ನೊಂದೇ ಪ್ರಶ್ನೆ," ಎಂದರು ಲೈಲ್. "ಹೋದ ವರ್ಷ ಅವನು ನಿಮ್ಮ ಮನೆಯಲ್ಲಿ ಎಷ್ಟು ತಿಂಗಳು ವಾಸವಿದ್ದ?"

"ಹನ್ನೆರಡು," ಎಂದಳು ಮಾರ್ಲಿಸ್.

"ಸೊನ್ನೆ," ಎಂದ ಡುವೇನ್.

ಪಕ್ಕದ ಮೇಜಿನವರು ತಿರುಗಿ ನೋಡಿದರು. ಲೈಲ್ ಪೆನ್ಸಿಲ್ ಕೆಳಗಿಟ್ಟು, ಒಂದಾನೊಂದು ಕಾಲದಲ್ಲಿ ಭಿನ್ನರಾಶಿ ಬಿಡಿಸಿ ಹೇಳಿದಷ್ಟೇ ಸಮಾಧಾನದಿಂದ ಬಿಡಿಸಿ ಹೇಳಿದರು. "ಓದೋಕೆ ಅಂತ ದೂರ ಇದ್ರೆ ಅದು ತಾತ್ಕಾಲಿಕ ಗೈರು. ಆ ತಿಂಗಳುಗಳೂ ಮನೆಯಲ್ಲಿದ್ದ ಲೆಕ್ಕವೇ. ಆದ್ರೆ ಅವನು ಮರಳಿ ಬರೋನಾಗಿರ್ಬೇಕು. ಮನೆ ಬಿಟ್ಟೇ ಹೋಗಿದ್ರೆ ಡುವೇನ್ ಹೇಳಿದ್ದು ಸರಿ, ಸೊನ್ನೆ. ಹೆಸರು ತೆಗೀಬೇಕಾಗುತ್ತೆ."

ಒಂದು ವರ್ಷದಿಂದ ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳದಿದ್ದ ಪ್ರಶ್ನೆಯನ್ನು ಸರ್ಕಾರದ ಒಂದು ಕಾಗದ ಕೇಳಿಬಿಟ್ಟಿತ್ತು. ಆರ್ಡಿತ್ ಹೊಡೆದ ಗೆರೆ ಒಂದು ಪೆನ್ನಿನ ಗೆರೆ, ಅದರ ಮೇಲೆ ಬರೆಯಬಹುದಿತ್ತು. ಈಗ ಬೀಳಲಿರುವ ಗೆರೆಯ ಮೇಲೆ ಬರೆಯಲು ಯಾವ ತಾಯಿಯ ಕೈಯಿಂದಲೂ ಆಗದು. ಆದರೆ ತಾನು ಹೆತ್ತದ್ದು ಯಾರನ್ನು ಎಂದು ಮಾರ್ಲಿಸ್‌ಳಿಗೆ ಗೊತ್ತಿತ್ತು. ಮನಸ್ಸಿನಲ್ಲೇ ಒಮ್ಮೆ ಪ್ರಾರ್ಥಿಸಿ, ಫೋನ್ ತೆಗೆದು, ಮಗನ ನಂಬರ್ ಒತ್ತಿ ಗಂಡನ ಮುಂದೆ ಇಟ್ಟಳು.

"ನಾನು ಕೇಳಬೇಕಾದ್ದಿಲ್ಲ, ನನಗೆ ಗೊತ್ತು. ಸುಳ್ಳಿಗೆ ಸಹಿ ಹಾಕೋನಲ್ಲ ನೀನು. ನೀನೇ ಕೇಳು."

ಡುವೇನ್ ಫೋನನ್ನು ಕಿವಿಗೆ ಹಿಡಿಯಲಿಲ್ಲ. ಸ್ಪೀಕರ್ ಒತ್ತಿದ ಫೋನು ಮೇಜಿನ ಮೇಲೇ ಇತ್ತು, ಎಲ್ಲರಿಗೂ ಕೇಳುವಂತೆ. ಅಮ್ಮಾ, ಏನಾಯ್ತು ಎಂದಿತು ಆ ಕಡೆಯ ಗಾಬರಿಯ ದನಿ.

"ನಾನು, ಡುವೇನ್," ಎಂದ. ತೆರಿಗೆಯ ಹಾಳೆ, ತಿಂಗಳುಗಳು, ಗೈರು ಎಂದೆಲ್ಲ ಏನೇನೋ ಹಿಂದುಮುಂದಾಗಿ ಹೇಳಿದ. ಕೊನೆಗೆ, "ಅದೇ... ನೀನು ವಾಪಸ್ ಬರೋನೋ ಅಲ್ವೋ ಅಂತ. ಅಲ್ಲ ಅಂದ್ರೆ ಅಲ್ಲ ಅನ್ನು. ನಾನು ಹಂಗೇ ಬರೆಸ್ತೀನಿ, ಸಿಟ್ಟಿಲ್ಲ," ಎಂದ.

ಮಾರ್ಲಿಸ್ ಫೋನಿನ ಕಡೆ ಬಾಗಿದಳು.

"ನನ್ನ ಲೆಕ್ಕ ನಾನು ಎರಡು ವಾರದ ಹಿಂದೆನೇ ಫೋನಲ್ಲೇ ಕಳಿಸಿಬಿಟ್ಟೆ, ಡುವೇನ್," ಎಂದ ಗ್ಯಾರೆಟ್. "ಆಶ್ರಮದ ಸಂಬಳದ್ದು. ಅದರಲ್ಲೂ ಒಂದು ಪ್ರಶ್ನೆ ಬರುತ್ತೆ. ನಿಮ್ಮನ್ನ ಬೇರೆ ಯಾರಾದ್ರೂ ಅವಲಂಬಿತ ಅಂತ ತೋರಿಸಬಹುದಾ, ಅಂತ. ಇಲ್ಲ ಅಂತ ಹಾಕು, ದುಡ್ಡು ಜಾಸ್ತಿ ವಾಪಸ್ ಬರುತ್ತೆ ಅಂತ ರೂಮ್‌ಮೇಟ್ ತಲೆ ತಿಂದ. ನಾನು ಹೌದು ಅಂತ ಹಾಕಿದೆ."

"ಯಾಕೆ?"

"ಯಾಕೆ ಅಂದ್ರೆ... ಹೌದಲ್ವಾ?"

ಡುವೇನ್ ಎರಡೂ ಅಂಗೈಗಳಿಂದ ಮುಖ ಒರೆಸಿಕೊಂಡ. ಅದಿರಿನ ಧೂಳಿನಲ್ಲಿ ಇಪ್ಪತ್ತಾರು ವರ್ಷ ಬೆಂದ ಆ ದೊಡ್ಡ ಮೈ ಮಡಿಸುವ ಕುರ್ಚಿಯಲ್ಲಿ ಅಲುಗಿದ್ದನ್ನು ಮಾರ್ಲಿಸ್ ಕಂಡಳು. ಕಂಡರೂ ಕಾಣದವಳಂತೆ ಬೇರೆ ಕಡೆ ನೋಡಿದಳು. ಅವನ ಮರ್ಯಾದೆ ಅವನಿಗೆ ಬೇಕಿತ್ತು.

"ಮೇ ತಿಂಗಳಲ್ಲಿ ಪರೀಕ್ಷೆ ಮುಗಿಯುತ್ತೆ, ಬರ್ತೀನಿ," ಎಂದಿತು ಫೋನು. "ಆದ್ರೆ ಹಡಗುಕಟ್ಟೆ ಕೆಲಸಕ್ಕಲ್ಲ."

"ಹಡಗುಕಟ್ಟೆ ವಿಷಯ ಯಾರು ಎತ್ತಿದ್ರು ಈಗ? ಬಾ ಸುಮ್ನೆ," ಎಂದ ಡುವೇನ್. ಅದು ಬೈಗುಳದ ದನಿಯೇ. ಆದರೆ ಆ ಬೈಗುಳ ಕೇಳಿ ಆ ಕಡೆಯ ಹುಡುಗ ನಕ್ಕದ್ದು ಎಲ್ಲರಿಗೂ ಕೇಳಿಸಿತು.

ಲೈಲ್ ಮೇಷ್ಟ್ರು ಹಾಳೆಯನ್ನೂ ಪೆನ್ಸಿಲನ್ನೂ ಡುವೇನ್‌ನ ಮುಂದೆ ತಳ್ಳಿದರು. ಅವನೇ ಬರೆದ, ಹನ್ನೆರಡು ಎಂದು. ಬರೆದು ಹೆಂಡತಿಯ ಕಡೆ ತಿರುಗಿದ, ವರ್ಷದ ಮೇಲೆ ಮೊದಲ ಬಾರಿಗೆ ಕಣ್ಣಲ್ಲಿ ಕಣ್ಣಿಟ್ಟು. ಇಬ್ಬರೂ ತಮ್ಮ ತಮ್ಮ ಗೆರೆಯ ಮೇಲೆ ಸಹಿ ಹಾಕಿದರು.

ಆರ್ಡಿತ್ ಚೀಲದ ಹಿಡಿಕೆಯನ್ನು ತಿರುಚುತ್ತಾ ಯಾರಿಗೂ ಅಲ್ಲದಂತೆ ಗೊಣಗಿದಳು. "ಅವನ ಕೋಣೆ ತುಂಬ ನನ್ನ ಕೌದಿ ಚೂರುಗಳು ಹರಡಿಕೊಂಡಿವೆ. ಮಂಚವೇ ಕಾಣ್ತಿಲ್ಲ. ಮೇ ಅಂದ್ರೆ ಎಷ್ಟು ದೂರ? ಅದನ್ನೆಲ್ಲ ಯಾರು ತೆಗೀತಾರೆ?"

ಮಾರ್ಲಿಸ್ ಎದ್ದು ನಿಂತಳು. ಅತ್ತೆಯ ಕೋಟನ್ನು ಕುರ್ಚಿಯಿಂದ ಎತ್ತಿ, ತೋಳು ತೂರಿಸಲು ಅನುಕೂಲವಾಗುವಂತೆ ಬಿಡಿಸಿ ಹಿಡಿದಳು.

"ನೀವೇ ಅತ್ತೆ," ಎಂದಳು. "ಮನೆಗೆ ಹೋಗಿ ಕಾಫಿ ಕುಡಿದು ಶುರು ಮಾಡಿ. ನಾನೂ ಕೈ ಹಾಕ್ತೀನಿ."

ಆರ್ಡಿತ್ ಒಂದು ಕ್ಷಣ ಸೊಸೆಯ ಮುಖ ನೋಡಿದಳು. ಆಮೇಲೆ ತೋಳು ತೂರಿಸಿದಳು.