ಕಸೂತಿ ಸೆರಗಿನ ಹಿಂಬದಿ

ಸೋಮವಾರ ಬೆಳಿಗ್ಗೆ ವಿಶ್ವವಿದ್ಯಾಲಯದ ಕಲಾ ಸಂಗ್ರಹಾಲಯದ ಗಾಜಿನ ಪೆಟ್ಟಿಗೆ ಖಾಲಿಯಾಗಿತ್ತು. ಆನೆಗಳ ಸಾಲಿದ್ದ ಹಳೆಯ ಕಸೂತಿ ಸೆರಗು ಮಾಯ! ಗಾಜು ಒಡೆದಿಲ್ಲ, ಬೀಗ ಮುರಿದಿಲ್ಲ. ಹಾಗಾದರೆ ಕೀಲಿ ಇದ್ದವರದೇ ಕೆಲಸವೆ?

ಭದ್ರತಾ ಅಧಿಕಾರಿ ಬಸವಪ್ರಭು ಬೆಳಗಾವಿಯಲ್ಲಿ ಪೊಲೀಸರಾಗಿದ್ದು ನಿವೃತ್ತರಾಗಿ ಪುಣೆಗೆ ಬಂದವರು. ಕಳ್ಳನ ಜಾಡು ಹತ್ತಿತೆಂದರೆ ಊಟ ನಿದ್ರೆ ಮರೆಯುವ ಆಸಾಮಿ. ಕೀಲಿ ಮೂವರ ಬಳಿ ಇತ್ತು— ಮೇಲ್ವಿಚಾರಕ ಕೇದಾರ, ಕಸೂತಿ ಪಾಠ ಹೇಳುವ ಧಾರವಾಡದ ಗೋದಾಬಾಯಿ, ಪೆಟ್ಟಿಗೆ ಒರೆಸುವ ವಿದ್ಯಾರ್ಥಿನಿ ಸ್ನೇಹಲ್. ಕೇದಾರ ಎರಡು ದಿನ ಲೋಣಾವಳಾದಲ್ಲಿ ಮದುವೆಗೆ ಹೋಗಿದ್ದ. ಅವನು ನೇರ ಸ್ನೇಹಲ್ ಮೇಲೆ ಬೆರಳು ತೋರಿಸಿದ. ಸೆರಗಿನ ಹಿಂಬದಿ ತೋರಿಸಿ ಎಂದು ವರ್ಷವಿಡೀ ಗಂಟುಬಿದ್ದವಳು ಅವಳೇ; ಮುಟ್ಟಿದರೆ ಹಾಳಾದೀತೆಂದು ಬೈದು ಕಳಿಸಿದ್ದನಂತೆ. ಸಂಜೆಯ ಆಡಳಿತ ಸಭೆಯೊಳಗೆ ಸೆರಗು ಸಿಗದಿದ್ದರೆ ಅವಳನ್ನು ವಿಶ್ವವಿದ್ಯಾಲಯದಿಂದ ತೆಗೆಯುವುದೆಂದೂ ತೀರ್ಮಾನವಾಯಿತು.

ಸಾಸವಡದ ಆ ಹುಡುಗಿ, ಮರಾಠಿಯಲ್ಲಿ ಎಷ್ಟು ಕೆದಕಿದರೂ, ತಾನು ಕದ್ದಿಲ್ಲ ಎಂದಷ್ಟೇ ಹೇಳಿದಳು. ಅವಳ ಚೀಲದಲ್ಲಿ ಸಿಕ್ಕಿದ್ದು ಕಸೂತಿಯ ಆನೆಗಳನ್ನು ಹೊಲಿದಿದ್ದ ಅಭ್ಯಾಸದ ಬಟ್ಟೆಯೊಂದೇ. ಕೇದಾರ ಅದನ್ನು ಪಕ್ಕಕ್ಕೆಸೆದ. ಬಸವಪ್ರಭು ತಿರುವಿ ನೋಡಿದರು. ಯಾಕಾದರೂ ನೋಡಿದೆನೋ ಅನ್ನಿಸಿತು. ಬಟ್ಟೆ ಹಿಡಿದು ಗೋದಾಬಾಯಿಯ ಕೋಣೆಗೆ ನಡೆದರು.

"ಬಾಯಾರ, ಸೆರಗು ನಿಮ್ಮ ಹತ್ರ ಅದ, ಹೌದಿಲ್ರೀ?"

"ನನ್ನ ಯಾಕ ಕೇಳ್ತೀರಿ?"

"ಈ ಆನಿಗಳ ಹಿಂದ ನೋಡ್ರಿ. ಎಲ್ಲಾದಕ್ಕೂ ಗಂಟು. ಕಡೀದಕ್ಕ ಮಾತ್ರ ಗಂಟಿಲ್ಲ— ಎರಡೂ ಕಡೆ ಒಂದ ರೂಪ. ಹಳೇ ಸೆರಗಿನ ಹಿಂಬದಿ ಕಂಡಿದ್ದಕ್ಕ ಇದು ಬಂತು. ಆಕಿನ ಕದ್ದಾಳ ಅನ್ನೂಣಂದ್ರ, ಬಾಜೂಕ ಈ ಹಳದಿ ಎಳಿ ಯಾರದು? ಚಲೋ ಬಂದ ಕೆಲಸಕ್ಕ ನೀವು ಒಂದು ಹಳದಿ ಎಳಿ ಹಾಕ್ತೀರಿ, ಎಲ್ಲಾರಿಗೂ ಗೊತ್ತದ. ನೀವೂ ಜೋಡಿ ಕೂತಿದ್ರಿ."

ಗೋದಾಬಾಯಿ ಕಪಾಟು ತೆರೆದು ಸೆರಗು ಹೊರಗಿಟ್ಟರು. ಒಂದೆಳೆಯೂ ಕಿತ್ತಿರಲಿಲ್ಲ.

"ನಾ ಪುಸ್ತಕಾ ನೋಡಿ ಪಾಠಾ ಹೇಳಾಕಿ, ನನಗೂ ಈ ಆನಿ ತಿಳಿದಿರಲಿಲ್ಲ. ನಿನ್ನೆ ಮನ್ಯಾಗ ಇಬ್ಬರೂ ಕಲತ್ವಿ. ಮುಂಜಾನೆ ತಂದಿಡಾಕಿದ್ದೆ, ಕೇದಾರ ಮೊದಲ ಬಂದ. ಹುಡುಗಿ ಹೆಸರು ಬಂದಾಗರೆ ನಾ ಬಾಯಿ ಬಿಡಬೇಕಿತ್ತು. ಅಂಜಿದೆ, ಬಸವಪ್ರಭು."

ಹುಡುಗರು ಕಲಿಯಲೆಂದೇ ಕಟ್ಟಿದ ಸಂಗ್ರಹಾಲಯ. ಅಲ್ಲಿ ಕಲಿಸಿದ್ದೇ ಕಳ್ಳತನವಾಯಿತಲ್ಲ ಎಂದು ಬಸವಪ್ರಭು ಒಳಗೊಳಗೇ ನೊಂದರು. ಆದರೂ ಸಭೆಯಲ್ಲಿ ಗೋದಾಬಾಯಿಯ ಹೆಸರು ಹೇಳದೆ ವಿಧಿಯಿರಲಿಲ್ಲ; ಹೇಳದಿದ್ದರೆ ಹುಡುಗಿಯ ಓದು ಮುಗಿದಂತೆ. ಗೋದಾಬಾಯಿಯ ಕೆಲಸ ಹೋಯಿತು. ಇನ್ನು ವಿದ್ಯಾರ್ಥಿಗಳಿಗೆ ಕೀಲಿ ಕೊಡುವಂತಿಲ್ಲ ಎಂದೂ ಆಯಿತು.

ಆರೋಪದಿಂದ ಬಿಡುಗಡೆಯಾದ ಸ್ನೇಹಲ್ ಬಟ್ಟೆ ವಾಪಸು ಪಡೆಯಲು ಬಂದಳು. ಸಂತೋಷಪಟ್ಟಾಳೆಂದುಕೊಂಡಿದ್ದರು ಬಸವಪ್ರಭು. ಅವಳು ಬಟ್ಟೆ ಮಡಚುತ್ತ, ಮುಂದಿನ ಆನೆ ಯಾರಿಗೆ ತೋರಿಸಲಿ ಎಂದು ಮರಾಠಿಯಲ್ಲಿ ಕೇಳಿದಳು.