ಮಡ್‌ಗಾರ್ಡ್ ಬಿಚ್ಚಿದ ಹುಡುಗಿ

"ಅಯ್ಯಯ್ಯೋ... ನನ್ನ ಶರ್ಟು!"

ಬೆನ್ನ ಹಿಂದಿನಿಂದ ಬಂದ ಆ ಕೂಗಿಗೆ ಹಂಸಾ ಎರಡೂ ಬ್ರೇಕು ಒಟ್ಟಿಗೇ ಹಿಡಿದಳು. ನೆನೆದ ರಬ್ಬರು ಕಿರ್ರೆಂದಿತೇ ಹೊರತು ಸೈಕಲ್ಲು ನಿಲ್ಲಲಿಲ್ಲ. ನಾಲ್ಕು ಮಾರು ಮುಂದೆ ಹೋಗಿ, ಕಾಲೂರಿ ತಿರುಗಿ ನೋಡಿದಳು.

ದಿಲ್ಲಿಗೆ ಅಂಟಿಕೊಂಡ ಫರೀದಾಬಾದಿನ ಕಾರ್ಖಾನೆಗಳ ರಸ್ತೆ. ಜುಲೈ ತಿಂಗಳ ಮೊದಲ ದೊಡ್ಡ ಮಳೆ ಬೆಳಗಿನ ಜಾವ ಸುರಿದು ಹೋಗಿತ್ತು. ತಗ್ಗುಗಳಲ್ಲಿ ಚಹಾ ಬಣ್ಣದ ನೀರು. ಆ ನೀರಿನ ಆಚೆ, ಸೈಕಲ್ಲಿನ ಮೇಲೆ ಒಂದು ಕಾಲೂರಿ ನಿಂತಿದ್ದ ಒಬ್ಬ ಯುವಕ. ಬಿಳಿ ಶರ್ಟು. ಹೊಟ್ಟೆಯಿಂದ ಹಣೆಯವರೆಗೆ ನೆಟ್ಟಗೆ ಗೆರೆ ಎಳೆದ ಹಾಗೆ ಕೆಸರು!

ಆದರೆ ಹಂಸಾಳ ಎದೆ ಹಾರಿದ್ದು ಕೆಸರಿಗಲ್ಲ. ಈ ಊರಿಗೆ ಬಂದ ಮೇಲೆ ಚಿಕ್ಕಪ್ಪನ ಮನೆಯ ಹೊಸ್ತಿಲಾಚೆ ಅವಳು ಕನ್ನಡ ಕೇಳಿಯೇ ಇರಲಿಲ್ಲ.

"ನೀವು... ಕನ್ನಡದವರೇನ್ರೀ?"

"ಅದನ್ನ ಕೆಸರು ಎರಚೋದಕ್ಕೆ ಮುಂಚೆ ಕೇಳಬೇಕಿತ್ತು! ನಿಮ್ಮ ಸೈಕಲ್‌ಗೆ ಮಡ್‌ಗಾರ್ಡ್ ಎಲ್ರೀ?"

"ಬಿಚ್ಚಿಟ್ಟೀನ್ರೀ."

"ಬಿಚ್ಚಿ... ಮಳೆಗಾಲದಲ್ಲಾ?"

"ಮಳಿಗಾಲ ಅಂತನ ಬಿಚ್ಚಿದ್ದು!"

ಅವನು ಬಾಯಿ ತೆರೆದು ನಿಂತ. ಅವಳೂ ಅಷ್ಟೇ ಆಶ್ಚರ್ಯದಿಂದ ನಿಂತಳು. ಇಷ್ಟು ಸಣ್ಣ ವಿಷಯ ಇವನಿಗೆ ಗೊತ್ತಿಲ್ಲವೇ?

ಹಂಸಾ ರೋಣದ ಹತ್ತಿರದ ಎರೆ ನೆಲದವಳು. ಆ ಕಪ್ಪು ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಲಗಿರುತ್ತದೆ. ಒಂದು ಮಳೆ ಬಿದ್ದರೆ ಸಾಕು, ಕಲಸಿದ ಹಿಟ್ಟಿನಂತೆ ಚಕ್ರಕ್ಕೆ ಸುತ್ತಿಕೊಂಡು ಮಡ್‌ಗಾರ್ಡಿನೊಳಗೆ ಬಿಗಿದು ಕೂರುತ್ತದೆ. ಆಮೇಲೆ ಸೈಕಲ್ಲು ತುಳಿಯುವ ಮಾತಿಲ್ಲ, ಹೆಗಲ ಮೇಲೆ ಹೊರುವುದೇ. ಅದಕ್ಕೇ ಅಲ್ಲಿಯವರು ಮೋಡ ಕಟ್ಟಿದೊಡನೆ ಪಾನಾ ಹುಡುಕಿ ಮಡ್‌ಗಾರ್ಡ್ ಬಿಚ್ಚಿ ಅಟ್ಟಕ್ಕೆ ಹಾಕುತ್ತಾರೆ. ದಿಲ್ಲಿಯ ಆಕಾಶ ಕಪ್ಪಾದಾಗ ಹಂಸಾಳ ಕೈಯೂ ತಾನಾಗಿಯೇ ಪಾನಾ ಹುಡುಕಿತ್ತು.

ಕೇಳಿ ಅವನು ನಕ್ಕುಬಿಟ್ಟ. "ರೀ, ಇದು ಟಾರು ರಸ್ತೆ. ಇಲ್ಲಿ ಮಣ್ಣು ಅಂಟಲ್ಲ, ನೀರು ಹಾರುತ್ತೆ! ಇವತ್ತು ನಮ್ಮ ಫ್ಯಾಕ್ಟರಿಗೆ ಜಪಾನಿನವರು ಬರ್ತಾರೆ. ಕ್ವಾಲಿಟಿ ನೋಡೋನೇ ಹೀಗೆ ಹೋಗಿ ನಿಂತರೆ ಏನಂದಾರು?"

ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಬುಟ್ಟಿಯಲ್ಲಿದ್ದ ತನ್ನ ರೇನ್‌ಕೋಟು ತೆಗೆದು ಚಾಚಿದಳು. "ಇದನ್ನ ಮ್ಯಾಲೆ ಹಾಕ್ಕೊಳ್ರಿ. ಬಟನ್ ಹಾಕಿದ್ರ ಕಾಣೂದಿಲ್ಲ."

"ಇದರ ಮೇಲೆ ಗುಲಾಬಿ ಹೂವಿದೆ..."

"ಕೆಸರಿಗಿಂತ ಹೂ ವಾಸಿ ಅಲ್ಲೇನ್ರೀ!"

ಅವನ ಹೆಸರು ಇಂದುಶೇಖರ. ಮದ್ದೂರಿನ ಹತ್ತಿರದ ಹಳ್ಳಿಯವನು. ಅವಳು ಡ್ರಾಫ್ಟಿಂಗ್ ಕೆಲಸ ಮಾಡುತ್ತಿದ್ದ ಕಾರ್ಖಾನೆಗೆ ಅಂಟಿಕೊಂಡಂತೆಯೇ ಇತ್ತು ಅವನ ಕಾರ್ಖಾನೆ.

* * *

ಮರುದಿನ ಸಂಜೆ ಕಾರ್ಖಾನೆಯ ಸೈಕಲ್ ಸ್ಟ್ಯಾಂಡಿಗೆ ಬಂದ ಹಂಸಾ ಗಕ್ಕನೆ ನಿಂತಳು. ಅವಳ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಹೊಚ್ಚ ಹೊಸ ಮಡ್‌ಗಾರ್ಡ್! ಸೀಟಿನ ಮೇಲೆ ಮಡಿಸಿಟ್ಟ ರೇನ್‌ಕೋಟು.

'ನನ್ನ ಸೈಕಲ್ ಮುಟ್ಟಾಕ ಇವನು ಯಾರು? ನಮ್ಮ ಊರವರಿಗೆ ಬುದ್ಧಿ ಇಲ್ಲ ಅಂತ ತೋರಿಸಾಕ ಹೊಂಟಾನೇನು?'

ಅಲ್ಲಿಯೇ ಕೂತು ಬಿಚ್ಚಿದಳು. ಪಕ್ಕದ ಗೇಟಿನ ಸ್ಟ್ಯಾಂಡಿಗೆ ಹೋಗಿ ಅವನ ಹ್ಯಾಂಡಲ್ಲಿಗೆ ನೇತುಹಾಕಿ ಮನೆಗೆ ನಡೆದಳು... ಅಲ್ಲ, ತುಳಿದಳು. ದಾರಿಯುದ್ದಕ್ಕೂ ಬೆನ್ನಿಗೆ ಕೆಸರು ಚಿಮ್ಮಿತು. ಸಹಿಸಿಕೊಂಡಳು.

ಮಾರನೆಯ ಸಂಜೆ ಮಡ್‌ಗಾರ್ಡ್ ಮತ್ತೆ ಬಂದಿತ್ತು. ಮತ್ತೆ ಬಿಚ್ಚಿದಳು. ಕಾವಲುಗಾರ ಬೀಡಿ ಬಾಯಲ್ಲಿಟ್ಟುಕೊಂಡು ತಮಾಷೆ ನೋಡುತ್ತಿದ್ದ.

ಅದರ ಮರುದಿನ ಇಂದುಶೇಖರನೇ ಪಾನಾ ಹಿಡಿದು ಕಾದು ನಿಂತಿದ್ದ.

"ಬಯ್ಯಬೇಡಿ. ಬಿಚ್ಚೋ ಮುಂಚೆ ಒಂದು ಸಲ ಬೆರಳು ಇಟ್ಟು ನೋಡಿ."

"ಏನು ನೋಡೂದು?"

"ಚಕ್ರಕ್ಕೂ ಮಡ್‌ಗಾರ್ಡಿಗೂ ಮಧ್ಯೆ."

ಹಂಸಾ ಮುನಿಸಿನಿಂದಲೇ ಬೆರಳಿಟ್ಟಳು. ಎರಡು ಬೆರಳು ಸಲೀಸಾಗಿ ತೂರಿದವು. ಮಡ್‌ಗಾರ್ಡನ್ನು ಹಿಡಿದಿಡುವ ಕಡ್ಡಿಗಳನ್ನು ಉದ್ದ ಮಾಡಿ, ಅದನ್ನು ಮೇಲಕ್ಕೆತ್ತಿ ಕೂರಿಸಿದ್ದ. ತುದಿಗೆ ಹಳೆಯ ಟ್ಯೂಬಿನ ತುಂಡೊಂದು ಕೆಳಗಿಳಿದಿತ್ತು, ಹಿಂದಿನವರಿಗೆ ಕೆಸರು ಹಾರದಂತೆ.

"ನಿಮ್ಮ ಎರೆ ಮಣ್ಣೇ ರೈಲು ಹತ್ತಿ ಬಂದರೂ ಸಿಕ್ಕಿಕೊಳ್ಳಲ್ಲ," ಎಂದ ಅವನು. "ನೀವು ಹೇಳಿದ್ದು ಸುಳ್ಳಲ್ಲ. ಆವತ್ತು ನಾನು ನಗಬಾರದಿತ್ತು."

ಹಂಸಾ ಇಟ್ಟ ಬೆರಳು ಅಲ್ಲಿಯೇ ಇತ್ತು. ಇಷ್ಟು ದೂರದ ಊರಿನಲ್ಲಿ ಯಾರೋ ಒಬ್ಬ ತನ್ನ ಊರಿನ ಮಣ್ಣಿಗೆ ಎರಡು ಬೆರಳಿನಷ್ಟು ಜಾಗ ಬಿಟ್ಟಿದ್ದಾನೆ! ಎದೆಯೊಳಗೂ ಏನೋ ಸರಿದು ಅಷ್ಟೇ ಜಾಗ ಮಾಡಿಕೊಂಡಿತು...

* * *

ಆಮೇಲೆ ಇಬ್ಬರೂ ಒಟ್ಟಿಗೇ ಹೋಗಿ ಬರತೊಡಗಿದರು. ಅವಳು ಮುಂದೆ, ಅವನು ಹಿಂದೆ. ಮಾತು ಬಂದಾಗ ಪಕ್ಕಕ್ಕೆ, ಲಾರಿ ಬಂದಾಗ ಮತ್ತೆ ಹಿಂದಕ್ಕೆ. ಪಕ್ಕಕ್ಕೆ ಬರುವ ಮುನ್ನ ಅವನು ಗಂಟೆ ಹೊಡೆಯುತ್ತಿದ್ದ, ಒಂದು ಉದ್ದ, ಎರಡು ಗಿಡ್ಡ.

ಮಳೆ ನಿಂತ ಮೇಲೆ ಚೈನು ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುವುದನ್ನು ಹಂಸಾ ಅವನಿಗೆ ಕಲಿಸಿದಳು. ಸಂದು ಸಂದಿಗೂ ಒಂದೊಂದೇ ಹನಿ ಎಣ್ಣೆ, ಆಮೇಲೆ ಬಟ್ಟೆಯಿಂದ ಒರೆಸಬೇಕು. ಇಲ್ಲದಿದ್ದರೆ ಧೂಳು ಹಿಡಿಯುತ್ತದೆ. ಸವೆದ ಬ್ರೇಕು ರಬ್ಬರನ್ನು ಬದಲಿಸುವುದು ಅವನ ಪಾಲು.

ಚಳಿ ಶುರುವಾದ ಒಂದು ಬೆಳಿಗ್ಗೆ ಇಂದುಶೇಖರ ಏದುಸಿರು ಬಿಡುತ್ತ ಬಂದ. "ಹಂಸಾ ಅವರೇ, ನನ್ನ ಸೈಕಲ್‌ಗೆ ಏನೋ ಆಗಿದೆ. ಗಾಣ ತಿರುಗಿಸಿದ ಹಾಗಾಗ್ತಿದೆ!"

ಅವಳು ಬಗ್ಗಿ ಚೈನು ನೋಡಿದಳು. ಕೊಂಡಿ ಕೊಂಡಿಗೂ ಬೆಳ್ಳಗೆ ಮೇಣ ಮೆತ್ತಿದಂತೆ...

"ಏನ್ ಎಣ್ಣಿ ಹಾಕೀರಿ?"

"ಅದೇ... ಅಮ್ಮ ಕಳಿಸಿದ್ದು. ಕೊಬ್ಬರಿ ಎಣ್ಣೆ."

ಹಂಸಾ ರಸ್ತೆ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಅಯ್ಯ ಶಿವನೇ! ದಿಲ್ಲಿ ಚಳಿಗೆ ತಲಿಗೆ ಹಚ್ಚೂ ಎಣ್ಣಿ ಸೈತ ಬಾಟ್ಲಿಯೊಳಗ ಕಲ್ಲಾಗಿ ಕೂತಿರ್ತದ. ಇನ್ನ ಚೈನಿಗೆ!"

"ನಗಿ, ನಗಿ. ಮಡ್‌ಗಾರ್ಡ್‌ಗೂ ಎಣ್ಣೆಗೂ ಲೆಕ್ಕ ಸಮ ಆಯ್ತು," ಎಂದು ಅವನೂ ನಕ್ಕ.

ಹಗಲು ಗಿಡ್ಡವಾಯಿತು. ಒಂದು ಸಂಜೆ ಅವನು ಜೇಬಿನಿಂದ ಪುಟ್ಟ ಕೆಂಪು ದೀಪವೊಂದನ್ನು ತೆಗೆದು ಅವಳ ಸೀಟಿನ ಕೆಳಗೆ ಬಿಗಿದ. ಒತ್ತಿದರೆ ಮಿಣಮಿಣ ಮಿನುಗುವ ಬ್ಯಾಟರಿ ದೀಪ.

"ಮಂಜು ಬಿದ್ದರೆ ಲಾರಿಯವರಿಗೆ ನೀವು ಕಾಣಬೇಕಲ್ಲ."

'ಲಾರಿಯವರಿಗಷ್ಟೇನಾ?' ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಆ ರಾತ್ರಿ ಚಿಕ್ಕಪ್ಪ ಏಕನಾಥನ ಮಗಳು ಅನನ್ಯಾ ಬಾಲ್ಕನಿಯಿಂದ ನೋಡಿ, "ದೀದೀ, ಸೈಕಲ್ ಕಾ ಲೈಟ್ ಚಾಲೂ ಹೈ! ಆಫ್ ಮಾಡೋದು ಮರೆತೆಯಾ?" ಎಂದಳು. ಹಂಸಾ ಮರೆತಿರಲಿಲ್ಲ. ಸುಮ್ಮನೆ ನೋಡಬೇಕೆನಿಸಿತ್ತು.

* * *

ಡಿಸೆಂಬರಿನ ಒಂದು ಬೆಳಿಗ್ಗೆ ಅವಳ ಕಾಲು ಪೆಡಲಿನ ಮೇಲೆಯೇ ನಿಂತುಬಿಟ್ಟಿತು.

ಇಂದುಶೇಖರನ ಸೈಕಲ್ಲಿನ ಕ್ಯಾರಿಯರಿಗೆ ಹೊಸ ಗಾದಿ. ಕೆಂಪು ರೆಕ್ಸಿನ್ನು, ಒಳಗೆ ದಪ್ಪ ಸ್ಪಂಜು, ಅಂಚಿಗೆ ಹಳದಿ ದಾರದ ಹೊಲಿಗೆ. ಹಿಂದಿನ ಚಕ್ರದ ಎರಡೂ ಬದಿ ಕಾಲಿಡಲು ಕಬ್ಬಿಣದ ಗೂಟಗಳು.

ಅವಳ ಊರಿನಲ್ಲಿ ಅದಕ್ಕೆ ಒಂದೇ ಅರ್ಥ. ಗಂಡು ಕ್ಯಾರಿಯರಿಗೆ ಗಾದಿ ಹೊಲಿಸಿದನೆಂದರೆ ಲಗ್ನ ಗೊತ್ತಾಯಿತೆಂದೇ ಲೆಕ್ಕ. ಹೊಸ ಹೆಂಡತಿಯನ್ನು ತವರಿಂದ ಕರೆತರುವ ಗಾದಿ ಅದು. ಅಂಥ ಸೈಕಲ್ಲು ಓಣಿಯಲ್ಲಿ ಹಾದರೆ ಮುದುಕಿಯರು, "ಯಾವೂರ ಹೆಣ್ಣೋ ತಮ್ಮಾ?" ಎಂದು ಕೇಳದೆ ಬಿಡುತ್ತಿರಲಿಲ್ಲ.

ಹಂಸಾ ಗಾದಿಯತ್ತ ಬೆರಳು ತೋರಿಸಿದಳು. "ಯಾರು... ಯಾರು ಬರೋರದಾರ?"

ಅವನ ಮುಖ ಅರಳಿತು. "ಬರೋರು ಇದ್ದಾರೆ! ತುಂಬಾ ಮುಖ್ಯವಾದವರು. ಈಗ ಹೇಳಲ್ಲ. ಬಂದ ಮೇಲೆ ನಿಮಗೇ ಮೊದಲು ತೋರಿಸ್ತೀನಿ!"

ಅಷ್ಟು ಸಾಕಾಯಿತು.

'ಎರಡು ಬೆರಳಿನ ಜಾಗಕ್ಕ ಏನೇನು ಕನಸು ಕಟ್ಟಿದ್ಯಲ್ಲಾ, ಹುಚ್ಚೀ...'

ಅಂದು ಸಂಜೆ ಬೇಗ ಹೊರಟು, ಕೆಂಪು ದೀಪ ಬಿಚ್ಚಿ ಕಾವಲುಗಾರನ ಕೈಗಿಟ್ಟಳು. "ಭಯ್ಯಾ, ಇದನ್ನು ಅವರಿಗೆ ಕೊಟ್ಟುಬಿಡಿ," ಎಂದು ಹಿಂದಿಯಲ್ಲಿ ಹೇಳಿ ತಿರುಗಿ ನೋಡದೆ ಹೊರಟಳು. ಮರುದಿನದಿಂದ ದಾರಿಯೂ ಬದಲಾಯಿತು. ರೈಲು ನಿಲ್ದಾಣದ ಕಡೆಯಿಂದ ಸುತ್ತು ಹಾಕಿ, ಬೇರೆ ಹೊತ್ತಿಗೆ ಹೋಗತೊಡಗಿದಳು. ಅವನು ಗೇಟಿಗೆ ಬಂದು ವಿಚಾರಿಸಿದ ಸುದ್ದಿ ಬಂದಾಗಲೆಲ್ಲ, "ಕೆಲಸ ಬಹಳ ಇದೆ ಅಂತ ಹೇಳಿ," ಎಂದು ಕಾವಲುಗಾರನಿಗೆ ಹಿಂದಿಯಲ್ಲಿ ಹೇಳಿ ತಲೆ ಬಗ್ಗಿಸಿದಳು.

"ದೀದೀ, ಪೂಛ್ ಲೋ ನಾ ಉನ್‌ಸೇ! ಯಾರು ಅಂತ ಕೇಳೋಕೆ ಏನಂತೆ?" ಎಂದಳು ಅನನ್ಯಾ.

"ಗಾದಿ ನೋಡಿದ ಮ್ಯಾಲೆ ಕೇಳೂದೇನದ?"

"ಗಾದಿ? ಸಿರ್ಫ್ ಏಕ್ ಸೀಟ್ ನೋಡಿ ಅಳ್ತಿದೀಯಾ?"

ದಿಲ್ಲಿಯಲ್ಲಿ ಬೆಳೆದ ಹುಡುಗಿಗೆ ಹೇಗೆ ತಿಳಿಸುವುದು! ಹಂಸಾ ಗೋಡೆಯ ಕಡೆ ಹೊರಳಿದಳು.

* * *

ಜನವರಿಯ ಮಂಜು. ಚಾಚಿದ ಕೈಯ ಬೆರಳು ಕಾಣದಂಥ ಬೆಳಿಗ್ಗೆ.

ನಿಲ್ದಾಣದ ರಸ್ತೆಯಲ್ಲಿ ಹಂಸಾ ಅಂಚು ಹಿಡಿದು ಮೆಲ್ಲಗೆ ತುಳಿಯುತ್ತಿದ್ದಳು. ಪೈಪು ಹಾಕಲು ರಸ್ತೆಯನ್ನು ಅರ್ಧಕ್ಕೆ ಅಗೆದಿದ್ದರು. ದಿನವೂ ಬರುವ ಅವಳಿಗೆ ಆ ಗುಂಡಿ ಗೊತ್ತು. ದಾಟಿ ಬದಿಗೆ ನಿಂತು ಮಫ್ಲರು ಸರಿಪಡಿಸಿಕೊಳ್ಳುತ್ತಿದ್ದಾಗ...

ಟ್ರಿಣ್... ಟ್ರಿಣ್ ಟ್ರಿಣ್!

ಒಂದು ಉದ್ದ, ಎರಡು ಗಿಡ್ಡ. ಲೋಕದಲ್ಲಿ ಗಂಟೆಯನ್ನು ಹಾಗೆ ಹೊಡೆಯುವವನು ಒಬ್ಬನೇ!

ಹಿಂದೆಯೇ ಮಂಜಿನೊಳಗಿಂದ ಹೆಂಗಸಿನ ದನಿ. 'ಕರಕೊಂಡು ಬಂದ. ಗಾದಿ ಮ್ಯಾಲೆ ಕೂಡಿಸ್ಕೊಂಡು...' ಹಂಸಾಳ ಕಣ್ಣು ತುಂಬಿತು. ಓಡಿಹೋಗಬೇಕು!

ಆದರೆ ಗುಂಡಿ? ಅವನಿಗೆ ಈ ದಾರಿ ಹೊಸದು. ಗಂಟೆ ನೇರ ಗುಂಡಿಯ ಕಡೆಗೇ ಬರುತ್ತಿದೆ!

ಹಂಸಾ ತನ್ನ ಗಂಟೆಯನ್ನು ಒಂದೇ ಸಮನೆ ಬಾರಿಸಿದಳು. "ನಿಂದರ್ರೀ! ಅಲ್ಲೇ ನಿಂದರ್ರೀ! ಮುಂದ ಗುಂಡಿ ಅದ!"

ಕಿರ್ರ್... ಬ್ರೇಕು.

"ಹಂಸಾ?" ಮಂಜಿನಾಚೆಯಿಂದ ಅವನ ದನಿ. "ಹಂಸಾ, ನೀವೇನಾ?"

ಜೊತೆಗೇ ಇನ್ನೊಂದು ದನಿ, ವಯಸ್ಸಾದ, ಒರಟಾದ, ಹಾಲು ಕರೆಯುವ ಹೊತ್ತಿನಂಥ ಬೆಚ್ಚನೆಯ ದನಿ. "ಯಾರ್ಲಾ ಅದು? ನಿನ್ ಅಂಗಿಗೆ ಕೊಚ್ಚೆ ಎರಚಿದ ಹುಡ್ಗೀನಾ?"

ಹಂಸಾ ಗುಂಡಿ ಬಳಸಿ ಹತ್ತಿರ ಬಂದಳು. ಗಾದಿಯ ಮೇಲೆ, ಕಂಬಳಿ ಹೊದ್ದು, ಗೂಟದ ಮೇಲೆ ಕಾಲಿಟ್ಟು, ಮಡಿಲಲ್ಲಿ ಬಟ್ಟೆಯ ಗಂಟಿಟ್ಟುಕೊಂಡು ಕೂತಿದ್ದವರು ಇಂದುಶೇಖರನ ತಾಯಿ, ಸುಶೀಲಮ್ಮ!

"ನಮ್ಮಮ್ಮ," ಎಂದ ಅವನು. "ಈಗ ತಾನೇ ರೈಲು ಇಳಿದರು. ಜೀವಮಾನವೆಲ್ಲ ಅಪ್ಪನ ಸೈಕಲ್ ಹಿಂದೆ ಕೂತವರು, ಆಟೋ ಹತ್ತಲ್ಲ ಅಂದರು. ಮಂಡಿನೋವು ಬೇರೆ. ಅದಕ್ಕೇ ಗಾದಿ ಹೊಲಿಸಿದ್ದು."

"ಗಾದಿ... ಅಮ್ಮಾರಿಗಾ?"

"ಮತ್ತೆ ಯಾರಿಗೆ ಅಂದುಕೊಂಡಿರಿ?"

ಹಂಸಾ ಅಳುತ್ತಲೇ ನಗುತ್ತಲೇ ತನ್ನೂರಿನ ಗಾದಿಯ ಅರ್ಥ ಹೇಳಿಬಿಟ್ಟಳು.

ಇಂದುಶೇಖರ ಕಾಲೂರಿ ಸೈಕಲ್ಲನ್ನು ನೆಟ್ಟಗೆ ಹಿಡಿದುಕೊಂಡ. "ಹಾಗಾದರೆ ನೀವು ಪೂರ್ತಿ ತಪ್ಪು ತಿಳಿದಿಲ್ಲ," ಎಂದ ಮೆಲ್ಲಗೆ. "ಅಮ್ಮನನ್ನ ಕರೆಸಿದ್ದೇ ನಿಮ್ಮ ಚಿಕ್ಕಪ್ಪನ ಮನೆಗೆ ಕರೆದುಕೊಂಡು ಹೋಗೋಕೆ. ಮುಂಚೆ ನಿಮ್ಮನ್ನ ಕೇಳಬೇಕಿತ್ತು. ಮಡ್‌ಗಾರ್ಡ್ ಥರ ಇದನ್ನೂ ಕೇಳದೆ ಹಾಕಲು ಹೊರಟಿದ್ದೆ. ಈಗ ಕೇಳ್ತಿದೀನಿ... ನನ್ನನ್ನ ಮದುವೆ ಆಗ್ತೀರಾ?"

"ಹೂಂ ಅನ್ನವ್ವ!" ಎಂದರು ಸುಶೀಲಮ್ಮ ಗಾದಿಯಿಂದಲೇ. "ಭಾನ್ವಾರ ಫೋನ್ ಮಾಡುದ್ರೆ ನಿನ್ ಸೈಕಲ್ ಕತೆನೇ. ನನ್ ಮಂಡಿ ಹೆಂಗದೆ ಅಂತ ಒಂದ್ ಕಿತಾನಾದ್ರೂ ಕೇಳವ್ನಾ?"

ಹಂಸಾ ತಲೆ ತಗ್ಗಿಸಿ, "ಹೂಂ," ಎಂದಳು.

ಅವನು ಕೋಟಿನ ಜೇಬಿಗೆ ಕೈ ಹಾಕಿ ಕೆಂಪು ದೀಪ ತೆಗೆದ. ಅಷ್ಟು ದಿನವೂ ಹೊತ್ತು ತಿರುಗಿದ್ದ! ಬಗ್ಗಿ ಅವಳ ಸೀಟಿನ ಕೆಳಗೆ ಬಿಗಿದು ಒತ್ತಿದ. ಮಂಜು ಕೆಂಪಾಗಿ ಮಿನುಗಿತು.

"ನೀನು ಮುಂದೆ ಹೋಗು, ಹಂಸಾ. ಲಾರಿಯವರ ನೆಪ ಹೇಳಿದ್ದೆ ಅಷ್ಟೇ... ಇದು ಕಂಡರೇನೇ ನನಗೆ ದಾರಿ."

ಆ 'ನೀನು' ಅವಳ ಮೈಯೆಲ್ಲ ಬೆಚ್ಚಗೆ ಹರಿಯಿತು.

"ಗಾದಿ ಮೆತ್ತಗದೆ ಕಣವ್ವ," ಎಂದರು ಸುಶೀಲಮ್ಮ, ಸ್ಪಂಜು ತಟ್ಟುತ್ತ. "ನಾನು ಊರಿಗೆ ಹೋದ್‌ಮ್ಯಾಕೆ ನೀನೇ ಕೂತ್ಕೊ."

"ನನಗ ನನ್ನ ಸೈಕಲ್ ಅದ ಅಲ್ರೀ ಅತ್ತೀ!"

"ಹಾಗಾದರೆ ಗಾದಿ ಬಿಚ್ಚಿಬಿಡಲಾ?" ಎಂದು ಇಂದುಶೇಖರ ಕೀಟಲೆ ಮಾಡಿದ.

"ಬ್ಯಾಡ, ಇರಲಿ... ನನ್ನ ಚೈನು ಕಡಿದ ದಿನ ಬೇಕಾಗ್ತದ."

"ನೀನು ಎಣ್ಣೆ ಹಾಕಿದ ಚೈನು. ಅದು ಎಲ್ಲಿ ಕಡಿಯುತ್ತೆ!"

ಹಂಸಾ ಪೆಡಲಿನ ಮೇಲೆ ಕಾಲಿಟ್ಟು, ತಿರುಗಿ ನೋಡಿ ನಕ್ಕಳು.

"ಕಡೀಲಿಲ್ಲ ಅಂದ್ರ... ನಾನ ಕಡಿತೀನಿ!"