ಯಂತ್ರದ ಪಕ್ಕದ ಮಣೆ

"ಬಲಗೈ ಎತ್ತು."

ಮಣೆಯ ಮೇಲೆ ಕೂತಿದ್ದ ಅನುಶ್ರೀ ರಟ್ಟಿನ ಕೀಬೋರ್ಡನ್ನು ಟಕ್ ಅಂತ ಬಡಿದಳು. ಎದುರಿಗೆ ಕವನಾಳ ಬಲಗೈ ಮೆಲ್ಲಗೆ ಮೇಲೆದ್ದಿತು.

"ಸೂಪರ್! ಈಗ ನೀನು ಸಮುದ್ರದ ತಳದಲ್ಲಿದ್ದೀಯ. ಮೀನೆಲ್ಲಾ ಬಂದು ಮೈಗೆ ಮುತ್ತಿಕೊಳ್ತಾವೆ."

"ಅಯ್ಯೋ, ಕಚಗುಳಿ ಕಣೇ!" ಹೆಲ್ಮೆಟ್ಟಿನೊಳಗಿಂದ ಕವನಾ ಕಿಸಕ್ಕನೆ ನಕ್ಕಳು.

"ಬಾಡಿ ಒನ್, ನಗಂಗಿಲ್ಲ!"

ನಾಳೆ ನುಗ್ಗೇಹಳ್ಳಿಯ ಸ್ಕೂಲಿನಲ್ಲಿ ವಿಜ್ಞಾನದ ವಸ್ತುಪ್ರದರ್ಶನ. ಗೆಳತಿಯರಿಬ್ಬರೂ ಸೇರಿ ಮುಂದಿನ ಕಾಲದ ಕಂಪ್ಯೂಟರ್ ಮಾಡಿದ್ದರು. ಅದಕ್ಕೆ ಸ್ಕ್ರೀನ್ ಇಲ್ಲ, ಮೌಸ್ ಇಲ್ಲ. ಉಡುಪು ತೊಟ್ಟರೆ ಸಾಕು, ಇಡೀ ಮೈಯೇ ಕಂಪ್ಯೂಟರಿನೊಳಗೆ! ಸದ್ಯಕ್ಕೆ ಆ ಉಡುಪೆಂದರೆ ಅನುಶ್ರೀಯ ಅಪ್ಪನ ರೇನ್‌ಕೋಟು, ಅದಕ್ಕೆ ಸುತ್ತಿದ ಡ್ರಿಪ್ ಪೈಪು, ಗಾಜಿಗೆ ಕಪ್ಪು ಕಾಗದ ಅಂಟಿಸಿದ ಹೆಲ್ಮೆಟ್ಟು.

ಆಟಕ್ಕೊಂದು ರೂಲ್ಸ್ ಇತ್ತು. ಅದು ಅನುಶ್ರೀಯದೇ. ಒಳಗೆ ಹೋದವರಿಗೆ ಹೆಸರಿಲ್ಲ, ಬರೀ 'ಬಾಡಿ ಒನ್'. ಹೆಸರು ಹಿಡಿದು ಕರೆದವರು ಸೋತಂತೆ.

ಅವರು ಆಡುತ್ತಿದ್ದುದು ಅನುಶ್ರೀಯ ಮನೆಯ ಅಟ್ಟದಲ್ಲಿ; ಅದರ ತುಂಬ ಕೊಬ್ಬರಿಗೆಂದು ಒಣಹಾಕಿದ ತೆಂಗಿನಕಾಯಿ. ಮಧ್ಯಾಹ್ನವಾದರೂ ಮಬ್ಬುಗತ್ತಲೆ. ತಿಂಗಳುಗಟ್ಟಲೆ ಒಣಗಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿತ್ತು. ಒಂದು ಇಲಿ ಓಡಿದರೂ ಸಾಕು, ಕಾಯಿಯೊಳಗೆ ಯಾರೋ ಮಗ್ಗುಲು ಬದಲಿಸಿದ ಹಾಗೆ ಲೊಡಕ್ ಅನ್ನುತ್ತಿತ್ತು.

"ಇನ್ನೂ ಆಳಕ್ಕೆ ಓಗು. ಕಾಲಿಲ್ಲ. ಕೈಯಿಲ್ಲ. ನೀನೂ ನೀರೇ ಆಗ್ಬುಟ್ಟೆ."

ಕವನಾ ಗೋಣಿಚೀಲಕ್ಕೆ ಒರಗಿದಳು.

"ಎಡಗೈ ಎತ್ತು."

ಕೈ ಏಳಲಿಲ್ಲ.

"ಬಾಡಿ ಒನ್! ಎಡಗೈ!"

ಊಹೂಂ. ಅನುಶ್ರೀ ಕೀಬೋರ್ಡನ್ನು ಕುಟ್ಟಿದಳು. "ಎಕ್ಸಿಟ್! ಎಕ್ಸಿಟ್ ಅಂದ್ನಲ್ಲಾ! ನಾಟ್ಕ ಆಡ್ಬೇಡ ಕಣೇ."

ಆಗ ಬಲಗೈ ತಾನಾಗಿ ಮೇಲೆದ್ದಿತು. ಅನುಶ್ರೀ ಏನನ್ನೂ ಒತ್ತಿರಲಿಲ್ಲ.

ಮೂಲೆಯಲ್ಲಿ ಒಂದು ಕಾಯಿ ಲೊಡಕ್ ಅಂದಿತು.

ಅನುಶ್ರೀ ಓಡಿಹೋಗಿ ಹೆಲ್ಮೆಟ್ಟು ಕಿತ್ತಳು. ಕವನಾಳ ಕಣ್ಣು ತೆರೆದೇ ಇದ್ದವು. ಆದರೆ ಅವು ಅನುಶ್ರೀಯನ್ನು ನೋಡುತ್ತಿರಲಿಲ್ಲ. ಬಾಗಿಲು ತೆರೆದಿಟ್ಟು ಎಲ್ಲರೂ ಹೊರಟುಹೋದ ಮನೆಯ ಹಾಗಿದ್ದವು.

ಅನುಶ್ರೀಗೆ ಅಜ್ಜಿ ಅನಸೂಯಮ್ಮನ ನೆನಪಾಯಿತು. ನೆಂಟರ ಮನೆಯಿಂದ ನಿದ್ದೆಹೋದ ಮಗುವನ್ನು ಎತ್ತಿಕೊಂಡು ಹೊರಡುವಾಗ, ಅಜ್ಜಿ ಹೊಸಿಲಲ್ಲಿ ನಿಂತು ಒಳಕ್ಕೆ ಮುಖಮಾಡಿ ಮಗುವಿನ ಹೆಸರು ಕೂಗುತ್ತಿದ್ದರು. ಹೋದ ಸಲ ಚನ್ನರಾಯಪಟ್ಟಣದ ಅತ್ತೆ ಮನೆಯಲ್ಲಿ ಎಲ್ಲರೂ ಗೊಳ್ಳೆಂದು ನಕ್ಕಿದ್ದರು. ಅನುಶ್ರೀಗೆ ನಾಚಿಕೆಯಾಗಿತ್ತು. ಅಜ್ಜಿಗೆ ಮಾತ್ರ ಏನೂ ಅನಿಸಿರಲಿಲ್ಲ.

"ಮೈ ನನ್ ಎಗಲ ಮ್ಯಾಲೈತೆ ಕಣವ್ವ. ಕನಸಿಗೋದೋಳು ಇನ್ನೂ ಒಳಗೇ ಅವಳಲ್ಲ. ಕರೀದಿದ್ರೆ ಎಂಗೆ ಬಂದಾಳು?"

ಸೋತರೆ ಸೋತೆ. ಅನುಶ್ರೀ ಗೆಳತಿಯ ಎರಡೂ ಕೈ ಹಿಡಿದಳು.

"ಕವನಾ... ಬಾರೇ, ಮನೇಗೋಗಾನ. ಕವನಾ!"

ಕವನಾಳ ರೆಪ್ಪೆ ಬಡಿಯಿತು. ತಣ್ಣಗಿದ್ದ ಬೆರಳು ಅನುಶ್ರೀಯ ಬೆರಳನ್ನು ಹಿಡಿದವು.

"ಯಾಕೇ ಅಳ್ತಿದ್ದೀಯ?"

"ಎಕ್ಸಿಟ್ ಎಕ್ಸಿಟ್ ಅಂತ ಬಡ್ಕೊಂಡೆ. ಯಾಕೆ ಬರ್ನಿಲ್ಲ ನೀನು?"

"ಕೇಳುಸ್ತು." ಕವನಾ ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು. "ಆದ್ರೆ ಯಾರಿಗೆ ಏಳ್ತಿದ್ದೀಯ ಅಂತ ಗೊತ್ತಾಗ್ನಿಲ್ಲ. ಆಮೇಲೆ ನೀನು ಕೈ ಎತ್ತಿಸ್ದೆಯಲ್ಲ, ಅದೊಂದು ಗೊತ್ತಾಯ್ತು."

ಕೈ ಎತ್ತಿಸಿದ್ದು ತಾನಲ್ಲ ಅಂತ ಅನುಶ್ರೀ ಹೇಳಲಿಲ್ಲ.

ಕೆಳಗೆ ಜಗಲಿಯಲ್ಲಿ ನಾಳೆಯ ಪ್ರದರ್ಶನದ ಚಾರ್ಟು ಹರಡಿತ್ತು. ಯಂತ್ರದ ಚಿತ್ರದ ಪಕ್ಕ ಕೆಂಪು ಬಣ್ಣದ ಎಕ್ಸಿಟ್ ಬಟನ್. ಅನುಶ್ರೀ ಅದರ ಪಕ್ಕದಲ್ಲೇ ಒಂದು ಮಣೆ ಬರೆದಳು. ಮಣೆಯ ಮೇಲೆ ಎರಡು ಜಡೆಯ ಹುಡುಗಿಯೊಬ್ಬಳು ಬಾಯಿ ತೆರೆದು ಕೂತಳು.

"ಕಂಪ್ಯೂಟರ್‌ಗೆ ಮಣೆ ಯಾಕೇ?"

"ಆಚೆ ಒಬ್ರು ಕೂತಿರ್ಬೇಕು."

ಸಂಜೆ ಕವನಾ ಮನೆಗೆ ಹೊರಟಳು. "ಒಂದ್ನಿಮಿಷ ಇರು," ಅಂದ ಅನುಶ್ರೀ ಏಣಿಯ ಬುಡಕ್ಕೆ ಹೋಗಿ, ಕತ್ತಲ ಅಟ್ಟಕ್ಕೆ ಮುಖಮಾಡಿ ಮತ್ತೊಮ್ಮೆ ಕರೆದಳು.

"ಕವನಾ, ಬಾ."

ಕವನಾ ನಗಲಿಲ್ಲ. ಕರೆದು ಮುಗಿಯುವವರೆಗೂ ಹೊಸಿಲಲ್ಲೇ ನಿಂತಿದ್ದು, ಆಮೇಲೆ ಚಪ್ಪಲಿ ಮೆಟ್ಟಿದಳು.